ಹಡಗಿನ ಸಿನಿಮಾದ ನಾಯಕಿಗೆ ದನಿ ಕೊಟ್ಟವಳು

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಟೇಕಮ್ಮ ಎಂದೇ ಕರೆಯುತ್ತಿದ್ದರು. ಬೇರೆಯವರು ಒಂದು ಮಾತನ್ನು ಹತ್ತು ಸಲ ಹೇಳಿ, ಕೆಮ್ಮಿ, ನೀರು ಕುಡಿದು, ಮತ್ತೆ ಮೊದಲಿಂದ ಶುರುಮಾಡುವಷ್ಟರಲ್ಲಿ ಇವಳು ತನ್ನ ಪಾಲಿನದನ್ನು ಒಂದೇ ಟೇಕಿನಲ್ಲಿ ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಟಿರುತ್ತಿದ್ದಳು. ಹಾಲಿವುಡ್ ಸಿನಿಮಾಗಳ ಹೆಂಗಸರ ಬಾಯಿಗೆ ನಮ್ಮ ಮಾತು ಕೂರಿಸುವುದು ಅವಳ ಕಸುಬು. ಟೀವಿಯವರು ಭಾನುವಾರ ಮಧ್ಯಾಹ್ನ ಹಾಕುತ್ತಿದ್ದ ಹಳೆಯ ಇಂಗ್ಲಿಷ್ ಸಿನಿಮಾಗಳಲ್ಲಿ, ಹೊಂಬಣ್ಣದ ಕೂದಲಿನ ನಾಯಕಿ ಬಾಯಿ ತೆರೆದರೆ ಹೊರಬರುತ್ತಿದ್ದದ್ದು ಟೇಕಮ್ಮನ ದನಿ. ಊರಿನಲ್ಲಿ ಅವಳ ಮುಖ ಯಾರಿಗೂ ಗೊತ್ತಿರಲಿಲ್ಲ. ಆದರೆ ಅವಳು ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು, ಈ ದನಿಯನ್ನು ಎಲ್ಲೋ ಕೇಳಿದ್ದೇವಲ್ಲ ಎಂಬಂತೆ.

ರೆಕಾರ್ಡಿಂಗ್ ಕೋಣೆ ಒಂದು ದೊಡ್ಡ ಬೀರುವಿನಷ್ಟಿತ್ತು. ಗೋಡೆಗೆ ಹಳೆಯ ಕಾರ್ಪೆಟ್ ಹೊಡೆದಿದ್ದರು. ಸದ್ದಾಗುತ್ತದೆಂದು ಫ್ಯಾನ್ ಇರಲಿಲ್ಲ. ಗಂಜಿ ಹಾಕಿದ ಬಟ್ಟೆ ಉಡುವಂತಿಲ್ಲ, ಕೈಗೆ ಗಡಿಯಾರ ಕಟ್ಟುವಂತಿಲ್ಲ, ಹೊಟ್ಟೆ ಗುರ್ರೆನ್ನದಂತೆ ಏನಾದರೂ ತಿಂದೇ ಬರಬೇಕು. ಕಿವಿಯಲ್ಲಿ ಇಂಗ್ಲಿಷ್, ಕಣ್ಣೆದುರಿನ ಪರದೆಯ ಮೇಲೆ ತುಟಿ, ಬಾಯಲ್ಲಿ ನಮ್ಮ ಮಾತು. ಆ ಮಾತುಗಳನ್ನು ಬರೆಯುತ್ತಿದ್ದವರು ಶಾಲೆಯಿಂದ ನಿವೃತ್ತರಾದ ಒಬ್ಬ ಮೇಷ್ಟ್ರು. “ಅವಳು ತುಟಿ ಮುಚ್ಚೋ ಕಡೆ ನಮ್ಮದೂ ಪ, ಬ, ಮ ಬೀಳ್ಬೇಕು ಕಣಮ್ಮ. ಅರ್ಥ ಆಮೇಲೆ ನೋಡ್ಕೊಳೋಣ” ಎನ್ನುತ್ತಿದ್ದರು.

ಖರ್ಚು ಉಳಿಸಲು ಒಬ್ಬಳೇ ಮೂರು ಪಾತ್ರ ಮಾಡಬೇಕಿತ್ತು: ನಾಯಕಿ, ನಾಯಕಿಯ ತಾಯಿ, ಮನೆಕೆಲಸದವಳು. ಮನೆಕೆಲಸದವಳು ಹೆಚ್ಚಾಗಿ ಕಪ್ಪು ಹೆಂಗಸಾಗಿರುತ್ತಿದ್ದಳು. ಅವಳಿಗೆ ಟೇಕಮ್ಮ ಮೂಗಿನಲ್ಲಿ ಮಾತಾಡುವ ಒಂದು ತಮಾಷೆಯ ದನಿ ಮಾಡುತ್ತಿದ್ದಳು. ಹಾಗೆ ಮಾಡು ಎಂದು ಯಾರಾದರೂ ಹೇಳಿದ್ದರೋ, ತಾನೇ ಮಾಡಿದಳೋ ನೆನಪಿಲ್ಲ. ಗಾಜಿನ ಆಚೆ ಕೂತವರೆಲ್ಲ ನಗುತ್ತಿದ್ದರು, ಅದೇ ಗಟ್ಟಿಯಾಯಿತು.

ಟೇಕಮ್ಮ ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, “ವಾರಕ್ಕೊಬ್ಬ ಹೀರೋ ಜೊತೆ ಸಂಸಾರ ಮಾಡಿ ಸಾಕಾಗಿದೆ” ಎಂದು ನಗಿಸಿ ಮಾತು ಮರೆಸುತ್ತಿದ್ದಳು. ಮದುವೆಯಾದದ್ದು ತಂಗಿ. ಅಕ್ಕನಿಗಿಂತ ಆರೇಳು ವರ್ಷಕ್ಕೆ ಚಿಕ್ಕವಳು, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಲಾರಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಒಬ್ಬ ಗಂಡಸು ದಿನಾ ತಲೆನೋವಿನ ಮಾತ್ರೆಗೆಂದು ಬರತೊಡಗಿದ, ಮದುವೆಯಾಗು ಎಂದ. ಬೇಡ ಅಂದಳು. ಅಂಗಡಿಯೆದುರಿನ ಫುಟ್‌ಪಾತಿನ ಮೇಲೆ ನಿಂತ. ಮತ್ತೆ ಬೇಡ ಅಂದಳು. ಒಂದು ಸಂಜೆ ಎದುರು ಕಟ್ಟಡದ ಮೇಲೆ ಹತ್ತಿ, ಒಪ್ಪದಿದ್ದರೆ ಹಾರುತ್ತೇನೆ ಎಂದು ಕೂಗಿದ. ಬೀದಿಯೆಲ್ಲ ಸೇರಿತು. ಒಳ್ಳೆ ಸಿನಿಮಾದ ಹಾಗಿದೆ ಎಂದು ಜನ ಚಪ್ಪಾಳೆ ತಟ್ಟಿದರು. ತಾಯಿಯಂತೂ ಕರಗಿ ನೀರಾದಳು. ತಂಗಿ ಅಕ್ಕನ ಹತ್ತಿರ ಬಂದು, “ನೀನು ಮಾತು ಕೊಡೋ ಸಿನಿಮಾಗಳಲ್ಲೂ ಅವರು ಮೊದಲು ಬೇಡಾನೇ ಅಂತಾರೆ, ಅಲ್ವಾ? ಆಮೇಲೆ ಎಲ್ಲಾ ಸರಿಹೋಗುತ್ತೆ” ಎಂದಿದ್ದಳು. ಕೇಳಿದ್ದಲ್ಲ, ತನಗೆ ತಾನೇ ಧೈರ್ಯ ಹೇಳಿಕೊಂಡದ್ದು. ಮದುವೆಯಾಯಿತು.

ಏನೂ ಸರಿಹೋಗಲಿಲ್ಲ. ತಂಗಿ ತವರಿಗೆ ಬರುವುದು ಕಡಿಮೆಯಾಯಿತು, ಫೋನು ಇನ್ನೂ ಕಡಿಮೆಯಾಯಿತು. ಬಂದಾಗ ಉದ್ದ ತೋಳಿನ ರವಿಕೆ. ಕೇಳಿದರೆ ಜಾರಿ ಬಿದ್ದೆ ಅನ್ನುತ್ತಿದ್ದಳು. ಮಕ್ಕಳಾಗಲಿಲ್ಲ, ಅದಕ್ಕೂ ಏಟು. ತಾಯಿ ತೀರಿಕೊಂಡ ಮೇಲೆ, ಕೂದಲು ನರೆತ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಒಂದೇ ಚೀಲ ಹಿಡಿದುಕೊಂಡು ಅಕ್ಕನ ಮನೆ ಬಾಗಿಲಿಗೆ ಬಂದು ನಿಂತಳು. ಎಡಗಿವಿ ಕೇಳಿಸುತ್ತಿರಲಿಲ್ಲ. ಒಂದೇ ಏಟಿಗೆ ಪೊರೆ ಹರಿದಿದೆ, ಬಹಳ ಹಿಂದೆಯೇ ಆಗಿದ್ದು, ಈಗೇನೂ ಮಾಡಲಾಗದು ಎಂದರು ಡಾಕ್ಟರು. ಅಂದಿನಿಂದ ಅಕ್ಕತಂಗಿಯರಿಬ್ಬರೂ ಆ ಎರಡು ಕೋಣೆಯ ಮನೆಯಲ್ಲಿ. ತಂಗಿ ಯಾವಾಗಲೂ ಗೋಡೆಯ ಕಡೆಗೆ ಎಡಗಿವಿ ಮಾಡಿಕೊಂಡು ಕೂರುತ್ತಾಳೆ.

ಇಷ್ಟು ಕಳೆದು ಎಷ್ಟೋ ಕಾಲಕ್ಕೆ ಟೇಕಮ್ಮನಿಗೆ ಕರೆ ಬಂತು. ಆಗ ಅವಳಿಗೆ ಅರವತ್ತು ದಾಟಿತ್ತು. ಮೊಬೈಲಿನಲ್ಲಿ ಸಿನಿಮಾ ತೋರಿಸುವ ಒಂದು ಕಂಪನಿ ಆ ಹಳೆಯ ಹಾಲಿವುಡ್ ಸಿನಿಮಾಗಳನ್ನೇ ತೊಳೆದು, ಬಣ್ಣ ಸರಿಮಾಡಿ ಮತ್ತೆ ಬಿಡುತ್ತಿತ್ತು. ಹಿಂದಿನ ಡಬ್ಬಿಂಗ್ ಟೇಪುಗಳಿಗೆ ಬೂಷ್ಟು ಹಿಡಿದಿತ್ತು. ಡಬ್ಬಿಂಗ್ ನಿರ್ದೇಶಕ ಹೊಸಬ, ನಲವತ್ತರ ಆಸುಪಾಸಿನವನು, ಮರ್ಯಾದಸ್ಥ. “ಆಂಟಿ, ಜನಕ್ಕೆ ನಿಮ್ಮ ದನಿಯೇ ನೆನಪಿರೋದು. ವಯಸ್ಸಾಗಿದ್ರೂ ಮೆಷೀನಲ್ಲಿ ಸ್ವಲ್ಪ ಚಿಕ್ಕ ವಯಸ್ಸಿನ ದನಿ ಮಾಡ್ತೀವಿ. ಮೊದಲು ಮನೇಲಿ ಎಲ್ಲಾ ಒಂದ್ಸಲ ನೋಡ್ಬಿಡಿ” ಎಂದು ಸಿನಿಮಾಗಳನ್ನು ಕಳಿಸಿಕೊಟ್ಟ.

ಹಾಗೆ ಅಕ್ಕತಂಗಿಯರು ಮಧ್ಯಾಹ್ನದ ಹೊತ್ತು ಕೂತು ಹಳೆಯ ಸಿನಿಮಾಗಳನ್ನು ನೋಡತೊಡಗಿದರು. ಟೇಕಮ್ಮ ಇವನ್ನೆಲ್ಲ ಹಿಂದೆ ಇಡಿಯಾಗಿ ನೋಡಿರಲಿಲ್ಲ. ಆಗ ಕಂಡದ್ದು ತುಂಡುತುಂಡು: ತನ್ನ ಮಾತಿರುವ ಜಾಗ ಮಾತ್ರ, ಅದರಲ್ಲೂ ತುಟಿ ಮಾತ್ರ. ಈಗ ಉಳಿದದ್ದು ಕಣ್ಣಿಗೆ ಬೀಳತೊಡಗಿತು.

ಕುದುರೆ ಸವಾರರ ಸಿನಿಮಾದಲ್ಲಿ ದಿಬ್ಬದ ಮೇಲಿನ ಹೀರೋ ಬಂದೂಕು ಎತ್ತಿದಾಗಲೆಲ್ಲ ಕೆಳಗೆ ಬುಡಕಟ್ಟಿನ ಜನ ಕಾಳು ಉದುರಿದಂತೆ ಬೀಳುತ್ತಿದ್ದರು. ಅವರಲ್ಲಿ ಒಬ್ಬನಿಗೂ ಮಾತಿರಲಿಲ್ಲ. ಹಿಂದೆ ಡಬ್ಬಿಂಗಿನಲ್ಲಿ ಅವರಿಗೆಲ್ಲ ಸೇರಿಸಿ ಒಂದೇ ‘ಆ’ ಎಂಬ ಕೂಗು ಹಾಕಿದ್ದರು, ಕಾಫಿ ತಂದುಕೊಡುತ್ತಿದ್ದವನ ಗಂಟಲಿನದು. ನಗೆಸಿನಿಮಾದಲ್ಲಿ ಹೀರೋ ಗೆಳೆಯರ ಜೊತೆ ಏಣಿ ಹಾಕಿ ಹುಡುಗಿಯರ ಸ್ನಾನದ ಕೋಣೆಗೆ ಇಣುಕುತ್ತಿದ್ದ, ಅವರಲ್ಲೊಬ್ಬಳೇ ಕೊನೆಗೆ ಅವನ ಕೊರಳಿಗೆ ಜೋತುಬೀಳುತ್ತಿದ್ದಳು. ಇನ್ನೊಂದರಲ್ಲಿ ಆಫೀಸಿನ ಸಾಹೇಬ ಟೈಪಿಸ್ಟಳನ್ನು ಮೇಜಿನ ಸುತ್ತ ಅಟ್ಟಿಸಿಕೊಂಡು ಓಡುತ್ತಿದ್ದ. ಆ ಓಟಕ್ಕೆ ಪೀಪಿ ಸಂಗೀತ.

“ಇದಕ್ಕೆ ನಾವು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ವಿ” ಎಂದಳು ಟೇಕಮ್ಮ.

“ಈಗಲೂ ನಗು ಬರುತ್ತೆ” ಎಂದಳು ತಂಗಿ. “ಅವನು ಕಾಲು ತಡವರಿಸಿ ಬೀಳ್ತಾನಲ್ಲ, ಅಲ್ಲಿ.”

ಕಪ್ಪು ಹೆಂಗಸಿನ ಪಾತ್ರ ಬಂದಾಗ ಟೇಕಮ್ಮ ಇಂಗ್ಲಿಷ್ ದನಿಯನ್ನೇ ಜೋರುಮಾಡಿ ಕೇಳಿದಳು. ಅದರಲ್ಲಿ ತಮಾಷೆ ಏನೂ ಇರಲಿಲ್ಲ. ದಪ್ಪ, ಆಳದ, ದಣಿದ ದನಿ. ಆ ನಟಿ ಎರಡೇ ಮಾತಿನ ಪಾತ್ರವನ್ನು ಜೀವ ತುಂಬಿ ಮಾಡಿದ್ದಳು. ಮೂಗಿನ ದನಿ ಇಲ್ಲಿ, ತಾನು ಹಾಕಿದ್ದು.

ಹಡಗಿನ ಸಿನಿಮಾ ಕೊನೆಯಲ್ಲಿ ಬಂತು. ಆ ಕಾಲದಲ್ಲಿ ಅದನ್ನು ನೋಡದವರಿಲ್ಲ, ಟೀವಿಯಲ್ಲಿ ಹಾಕಿದಾಗಲೆಲ್ಲ ಬೀದಿ ಖಾಲಿಯಾಗುತ್ತಿತ್ತು. ಹಡಗಿನ ಕ್ಯಾಪ್ಟನ್ ಹೀರೋ, ಪ್ರಯಾಣಿಕಳೊಬ್ಬಳು ನಾಯಕಿ. ಅವಳು ಇವನನ್ನು ತಿರಸ್ಕರಿಸುತ್ತಾಳೆ. ಬಿರುಗಾಳಿಯ ದಿನ ಅವಳು ಡೆಕ್ಕಿಗೆ ಬಂದು ವಾದಕ್ಕೆ ನಿಂತಾಗ ಅವನು ಕೆನ್ನೆಗೆ ಬಾರಿಸುತ್ತಾನೆ. ಒಂದು ಗಳಿಗೆ ಮೌನ. ಆಮೇಲೆ ಅವಳು ಅವನೆದೆಗೆ ಬಿದ್ದು, “ಇಷ್ಟೊಂದು ಪ್ರೀತಿ ಇದೆ ಅಂತ ಮೊದಲೇ ಹೇಳಬಾರದಿತ್ತಾ?” ಅನ್ನುತ್ತಾಳೆ. ಇಂಗ್ಲಿಷಿನಲ್ಲೂ ಹೆಚ್ಚುಕಡಿಮೆ ಅದೇ ಮಾತು. ಟೇಕಮ್ಮನಿಗೆ ಹೆಸರು ತಂದುಕೊಟ್ಟದ್ದು ಈ ಒಂದು ಸಾಲು. ಕಾಲೇಜು ಹುಡುಗರು ಅದನ್ನು ಗೋಡೆಯ ಮೇಲೆ ಬರೆಯುತ್ತಿದ್ದರು.

ಡೆಕ್ಕಿನ ದೃಶ್ಯ ಬರುವ ಹೊತ್ತಿಗೆ ತಂಗಿ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟಳು. ತೊಳೆಯಲು ಪಾತ್ರೆಯೇನೂ ಇರಲಿಲ್ಲ. ಟೇಕಮ್ಮ ಸಿನಿಮಾ ನಿಲ್ಲಿಸಿ ಹಿಂದೆಯೇ ಹೋದಳು.

“ಯಾಕೆ ಎದ್ದು ಬಂದೆ?”

ತಂಗಿ ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯನ್ನು ಒರೆಸಿಕೊಂಡಳು.

“ಅವನು ಹೊಡೆದಾದ ಮೇಲೆ ನನ್ನ ಕೈಲಿ ಅದನ್ನ ಹೇಳಿಸ್ತಿದ್ದ.”

“ಯಾವುದನ್ನ?”

“ಅದೇ ಸಾಲು. ಇಷ್ಟೊಂದು ಪ್ರೀತಿ ಇದೆ ಅಂತ. ಹೇಳೋವರೆಗೂ ಬಿಡ್ತಿರ್ಲಿಲ್ಲ. ಸರಿಯಾಗಿ ಹೇಳ್ದಿದ್ರೆ, ನಿಮ್ಮಕ್ಕ ಹೇಳೋ ಥರ ಹೇಳು ಅಂತಿದ್ದ.” ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. “ಟೀವೀಲಿ ಬಂದಾಗ ಕೂಗಿ ಕರೀತಿದ್ದ. ನೋಡು, ನಿಮ್ಮಕ್ಕನೇ ಹೇಳ್ತಿದಾಳೆ, ಅಂತ.”

“ನನಗ್ಯಾಕೆ ಹೇಳ್ಲಿಲ್ಲ?” ಎಂದಳು ಟೇಕಮ್ಮ.

“ಹೇಳಿ ಏನಾಗ್ಬೇಕಿತ್ತು? ಅದು ನಿನ್ನ ಕೆಲಸ. ನೀನೇನು ನನಗೆ ಅಂತ ಹೇಳಿದ್ದಾ ಅದು?” ಎಂದು ತಂಗಿ ಒಳಕೋಣೆಗೆ ಹೋಗಿ ಬಲಗಿವಿಯನ್ನು ದಿಂಬಿಗೆ ಒತ್ತಿಕೊಂಡು ಮಲಗಿದಳು. ಹಾಗೆ ಮಲಗಿದರೆ ಅವಳಿಗೆ ಯಾವ ಸದ್ದೂ ಕೇಳಿಸುವುದಿಲ್ಲ.

ಹಡಗಿನ ಸಿನಿಮಾದ ರೆಕಾರ್ಡಿಂಗ್ ಮುಂದಿನ ವಾರ ಇತ್ತು. ಈಗಿನ ಸ್ಟುಡಿಯೋ ತಣ್ಣಗೆ, ಸ್ವಚ್ಛವಾಗಿತ್ತು. ಹೆಡ್‌ಫೋನು ಎಷ್ಟು ಚೆನ್ನಾಗಿತ್ತೆಂದರೆ ನಾಯಕಿಯ ಬಟ್ಟೆಯ ಸರಬರವೂ ಕೇಳಿಸುತ್ತಿತ್ತು. ಗಾಜಿನ ಆಚೆ ನಿರ್ದೇಶಕ, ಅವನ ಪಕ್ಕದಲ್ಲಿ ಸೌಂಡ್ ನೋಡಿಕೊಳ್ಳುವವನು, ಟೇಕಮ್ಮನ ವಯಸ್ಸಿನವನೇ, ಹಳೆಯ ದಿನಗಳಿಂದ ಪರಿಚಯ. ಮೊದಲರ್ಧ ಸಲೀಸಾಗಿ ಮುಗಿಯಿತು. ಡೆಕ್ಕಿನ ದೃಶ್ಯ ಬಂದಾಗ, “ಇದೊಂದನ್ನ ಮೊದಲು ಇಂಗ್ಲಿಷಲ್ಲಿ ಕೇಳಿಸಪ್ಪ” ಎಂದಳು.

ಏಟು ಬಿತ್ತು. ಏಟಿನ ಹಿಂದೆಯೇ, ಮಾತಿಗೆ ಮುಂಚೆ, ಒಂದು ಸಣ್ಣ ಸದ್ದು. ಉಸಿರು ಒಳಕ್ಕೆ ಎಳೆದುಕೊಂಡು ಅಲ್ಲೇ ಸಿಕ್ಕಿಕೊಂಡಂಥದ್ದು. ಹಳೆಯ ಮೆಷೀನಿನಲ್ಲಿ ಅದು ಬಿರುಗಾಳಿಯ ಸದ್ದಿನಲ್ಲಿ ಮುಚ್ಚಿಹೋಗಿತ್ತು. ಆಮೇಲೆ ಮಾತು ಶುರುವಾಗುವಾಗ ಮೊದಲ ಪದದಲ್ಲೇ ದನಿ ಮುರಿದಿತ್ತು. ಟೇಕಮ್ಮ ಮತ್ತೆ ಕೇಳಿದಳು, ಮತ್ತೆ ಮತ್ತೆ ಕೇಳಿದಳು. ಜೀವಮಾನವೆಲ್ಲ ಸುಳ್ಳು ಅಳು, ಸುಳ್ಳು ನರಳಿಕೆ ಮಾಡಿದವಳು ಅವಳು. ಇದು ಆ ಜಾತಿಯದಲ್ಲ ಅನ್ನಿಸಿತು.

“ಆ ನಟಿಗೆ ನಿಜವಾಗಿ ಹೊಡೆದಿದಾರೆ” ಎಂದಳು ಮೈಕಿನಲ್ಲಿ.

“ಅದು ನಮಗೆ ಹೇಗೆ ಗೊತ್ತಾಗುತ್ತೆ ಆಂಟಿ? ಒಳ್ಳೆ ನಟನೆಯೂ ಇರಬಹುದಲ್ಲ” ಎಂದ ನಿರ್ದೇಶಕ.

ಇರಬಹುದು. ಟೇಕಮ್ಮನಿಗೂ ಖಾತ್ರಿಯಿರಲಿಲ್ಲ. ಟೇಕ್ ಎಂದರು. ಅವಳು ಬಾಯಿ ತೆರೆದಳು. ಜೇನಿನಂಥ ಆ ಹಳೆಯ ದನಿ ಬರಲಿಲ್ಲ. ಮತ್ತೊಮ್ಮೆ ಟೇಕ್ ಎಂದರು. ಬರಲಿಲ್ಲ. ಟೇಕಮ್ಮ ಎರಡನೆಯ ಟೇಕಿಗೆ ಹೋದದ್ದನ್ನು ಆ ಸೌಂಡಿನವನು ಆವರೆಗೆ ಕಂಡಿರಲಿಲ್ಲ. ಅವನು ತಲೆ ತಗ್ಗಿಸಿ ಗುಂಡಿಗಳನ್ನೇ ನೋಡುತ್ತಾ ಕೂತ.

ನಿರ್ದೇಶಕ ಒಳಗೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತ. “ಏನು ತೊಂದ್ರೆ ಹೇಳಿ ಆಂಟಿ.”

“ಈ ಮಾತು ನನ್ನ ಬಾಯಲ್ಲಿ ಬರ್ತಿಲ್ಲ. ತೆಗೆದುಬಿಡೋಕಾಗಲ್ವಾ?”

“ತೆಗೆಯೋದು ನನಗೇನೂ ಕಷ್ಟ ಅಲ್ಲ,” ಎಂದ ಅವನು. “ಆದ್ರೆ ತೆಗೆದ್ರೆ ಏನಾಗುತ್ತೆ? ಆ ಕಾಲದಲ್ಲಿ ಇಂಥದ್ದನ್ನ ಇಷ್ಟಪಟ್ಟು ನೋಡ್ತಿದ್ರು ಅನ್ನೋದೇ ಮುಂದಿನವರಿಗೆ ಗೊತ್ತಾಗಲ್ಲ. ಎಲ್ಲಾ ಒಳ್ಳೆಯವರೇ ಇದ್ರು ಅಂದ್ಕೋತಾರೆ. ಇದ್ದದ್ದು ಇದ್ದ ಹಾಗೆ ಇರಲಿ ಅಂತ ನನ್ನ ಲೆಕ್ಕ.”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಟೇಕಮ್ಮ ಯೋಚಿಸಿದಳು. “ಹಾಗಾದ್ರೆ ಇದ್ದ ಹಾಗೇ ಹೇಳ್ತೀನಿ. ಅವಳ ಗಂಟಲಲ್ಲಿ ಹೇಗಿದೆಯೋ ಹಾಗೆ. ನಾವು ಆಗ ಅದಕ್ಕೆ ಸಕ್ಕರೆ ಬೆರೆಸಿದ್ವಿ.”

ನಿರ್ದೇಶಕ ಒಪ್ಪಿದ. ಟೇಕಮ್ಮ ಹೆಡ್‌ಫೋನನ್ನು ಎರಡೂ ಕಿವಿಗೆ ಒತ್ತಿ ಹಿಡಿದು, ಆ ಸಿಕ್ಕಿಕೊಂಡ ಉಸಿರನ್ನು ತಾನೂ ಎಳೆದುಕೊಂಡು, ಮುರಿದ ದನಿಯಲ್ಲಿ ಸಾಲು ಹೇಳಿದಳು. ಪ್ರೀತಿ ಎಂಬ ಪದ ಬಂದಾಗ ಅದು ಬೇಡಿಕೊಂಡಂತೆ ಕೇಳಿಸಿತು, ಇನ್ನೊಂದು ಏಟು ಬೀಳದಿರಲಿ ಎಂದು. ಗಾಜಿನ ಆಚೆ ಸೌಂಡಿನವನು ಕೈಯೆತ್ತಿ, ಆಯಿತು ಎಂಬಂತೆ ಸನ್ನೆ ಮಾಡಿದ.

ಕಂಪನಿಯವರು ಅದನ್ನು ಕೇಳಿ ಫೋನು ಮಾಡಿದರು. ನಾಯಕಿ ಹೆದರಿದಂತಿದೆ, ಹೀಗಾದರೆ ಜನ ಹೀರೋನನ್ನು ದ್ವೇಷಿಸುತ್ತಾರೆ, ಕ್ಲೈಮ್ಯಾಕ್ಸಿನಲ್ಲಿ ಮದುವೆಯಾದಾಗ ಯಾರಿಗೆ ಖುಷಿ? ಮತ್ತೆ ಹೇಳಿಸಿ ಎಂದರು. ಟೇಕಮ್ಮ ಆಗುವುದಿಲ್ಲ ಎಂದಳು. ಇಡೀ ಸಿನಿಮಾವನ್ನು ಬೇರೊಬ್ಬಳ ಕೈಲಿ ಹೇಳಿಸಿದರು. ಬಾಕಿ ಇದ್ದ ಸಿನಿಮಾಗಳೂ ಒಂದೊಂದಾಗಿ ಆ ಹೊಸ ಹುಡುಗಿಯ ಪಾಲಾದವು. ನಿರ್ದೇಶಕ ಮನೆಯವರೆಗೂ ಬಂದು, ತನ್ನ ಕೈ ಮೀರಿದ್ದು ಎಂದು ಹೇಳಿ ಹೋದ. ಸೌಂಡಿನವನು ಮಾತ್ರ ಕೇಳದೆಯೇ ಆ ಒಂದು ಟೇಕನ್ನು ಅವಳ ಫೋನಿಗೆ ಕಳಿಸಿದ್ದ.

ವಿಷಯ ತಿಳಿದಾಗ ತಂಗಿ ಸಿಡಿದಳು. “ನನ್ನ ಹೆಸರಲ್ಲಿ ನೀನ್ಯಾಕೆ ಕೆಲಸ ಕಳ್ಕೊಂಡೆ? ನಾನು ಕೇಳಿದ್ನಾ? ಆಗೋದೆಲ್ಲಾ ಆಗಿಹೋದ ಮೇಲೆ ಒಂದು ಸಾಲು ಬದಲಾಯಿಸಿದ್ರೆ ನನ್ನ ಕಿವಿ ವಾಪಸ್ ಬರುತ್ತಾ?”

“ಬರಲ್ಲ.”

“ಮತ್ತೆ?”

“ನಂಗೆ ಹೇಳೋಕಾಗ್ಲಿಲ್ಲ ಅಷ್ಟೆ ಕಣೇ.”

ಎರಡು ದಿನ ಮಾತಿಲ್ಲ. ಮೂರನೆಯ ದಿನ ತಂಗಿಯೇ ಬಂದು, ಅದನ್ನೊಮ್ಮೆ ಕೇಳಿಸು ಎಂದಳು. ಟೇಕಮ್ಮ ಫೋನನ್ನು ಅವಳ ಬಲಗಿವಿಗೆ ಹಿಡಿದಳು. ತಂಗಿ ಕಣ್ಣು ಮುಚ್ಚಿ ಕೇಳಿದಳು. “ಹೂಂ. ಹೀಗೇ ಇರ್ತಿತ್ತು” ಎಂದಳು. ಆಮೇಲೆ, “ಅಳಿಸಿಬಿಡು. ಇದು ನಿನ್ನ ದನಿ ಆದ್ರೂ ನಂದೇ. ಯಾರ ಫೋನಲ್ಲೂ ಇರೋದು ಬೇಡ” ಎಂದಳು. ಟೇಕಮ್ಮ ಅವಳೆದುರೇ ಅಳಿಸಿದಳು.

ಅದೇ ವರ್ಷ ತಂಗಿಯ ಗಂಡನಿಗೆ ಲಕ್ವ ಹೊಡೆಯಿತು. ಅವನ ಅಣ್ಣ ಹುಡುಕಿಕೊಂಡು ಬಂದ. ಬಲಭಾಗ ಸತ್ತಿದೆ, ಮಾತು ನಿಂತಿದೆ, ಪ್ರಜ್ಞೆ ಮಾತ್ರ ಪೂರ್ತಿ ಇದೆ, ಹೇಳಿದ್ದೆಲ್ಲ ತಿಳಿಯುತ್ತದೆ, ನೋಡಿಕೊಳ್ಳುವವರಿಲ್ಲ ಎಂದ. ಟೇಕಮ್ಮ ಅವನಿಗೆ ಬಾಗಿಲಲ್ಲೇ ನಾಲ್ಕು ಮಾತು ಬಿಸಿಬಿಸಿಯಾಗಿ ಹೇಳಿ ಕಳಿಸುವುದರಲ್ಲಿದ್ದಳು. ಒಳಗಿನಿಂದ ತಂಗಿ, “ನಾಳೆ ಬರ್ತೀನಿ ಅಂತ ಹೇಳು” ಎಂದಳು.

“ನಿನಗೇನು ತಲೆ ಕೆಟ್ಟಿದೆಯಾ?” ಎಂದಳು ಟೇಕಮ್ಮ, ಅವನು ಹೋದ ಮೇಲೆ. “ಸೇವೆ ಮಾಡೋಕೆ ಹೋಗ್ತೀಯಾ ಅವನಿಗೆ?”

“ಅವನಿಗೆ ಮಾತು ಬರಲ್ವಂತೆ ಅಕ್ಕ. ಕೇಳಿಸುತ್ತಂತೆ.” ತಂಗಿ ಬಟ್ಟೆ ಮಡಿಸುತ್ತಿದ್ದಳು. “ಆ ಮನೇಲಿ ಒಂದ್ಸಲಾನಾದ್ರೂ ನಾನು ಮಾತಾಡ್ಬೇಕು.”

ತಡೆಯಲಾಗಲಿಲ್ಲ. ಅವಳು ಹೋದಳು. ಟೇಕಮ್ಮ ಕೆಲವು ವಾರ ತಡೆದುಕೊಂಡು, ಕೊನೆಗೆ ನೋಡಿಕೊಂಡು ಬರಲು ಹೋದಳು. ಬಿಡಿಭಾಗಗಳ ಅಂಗಡಿಗೆ ಬೀಗ ಬಿದ್ದಿತ್ತು. ಅದರ ಹಿಂದೆಯೇ ಮನೆ. ಬಾಗಿಲು ತೆರೆದೇ ಇತ್ತು. ಗಂಡ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದ. ಬಾಯಿ ಒಂದು ಕಡೆಗೆ ಜಾರಿತ್ತು. ಹಾಸಿಗೆ ಸ್ವಚ್ಛವಾಗಿತ್ತು, ಗಡ್ಡ ತೆಗೆದಿತ್ತು. ತಂಗಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು, ಕುಡಿಸುತ್ತಾ ಮಾತಾಡುತ್ತಿದ್ದಳು.

“ಆ ಬಾಗಿಲ ಚೌಕಟ್ಟು ನೆನಪಿದೆಯಾ, ನನ್ನ ತಲೆ ಹಿಡಿದು ಗುದ್ದಿದ್ದು. ಅವತ್ತು ಮನೇಲಿ ಸಾಬೂನು ತೀರಿತ್ತು, ಅದಕ್ಕೆ. ಬಾಯಿ ತೆಗೀ. ಅದಕ್ಕೆ ಹಿಂದಿನ ವಾರ ಮೆಟ್ಟಿಲ ಹತ್ತಿರ. ಅದು ಯಾಕೆ ಅಂತ ನೀನು ಹೇಳ್ಲೇ ಇಲ್ಲ, ನಾನು ಇವತ್ತಿಗೂ ಯೋಚನೆ ಮಾಡ್ತೀನಿ.” ತರಕಾರಿಯವನ ಹತ್ತಿರ ಮಾತಾಡುವ ದನಿ ಅದು. ಸಿಟ್ಟಿಲ್ಲ, ಅಳುವಿಲ್ಲ. ತುಟಿಯಿಂದ ಜಾರಿದ ಗಂಜಿಯನ್ನು ಬಟ್ಟೆಯಿಂದ ಒರೆಸಿ ಮುಂದುವರಿಸುತ್ತಿದ್ದಳು.

ಗಂಡನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಪಶ್ಚಾತ್ತಾಪವೋ, ಕಾಯಿಲೆಯೋ ಹೇಳುವಂತಿರಲಿಲ್ಲ.

ಟೇಕಮ್ಮ ಹೊಸ್ತಿಲಲ್ಲಿ ನಿಂತು, “ಹೇಗಿದೀಯೇ?” ಎಂದಳು. ಆ ದನಿ ಕೇಳುತ್ತಲೇ ಮಂಚದ ಮೇಲಿನವನ ತಲೆ ತಟ್ಟನೆ ಇತ್ತ ಹೊರಳಿತು. ಕಣ್ಣು ಅಗಲವಾಯಿತು. ಅವನ ಮುಖ ಕಂಡದ್ದೇ ಟೇಕಮ್ಮನಿಗೆ ಎಷ್ಟೋ ವರ್ಷದ ಮಾತೆಲ್ಲ ನಾಲಿಗೆಗೆ ಬಂತು. ಅವಳು ಮಂಚದ ಹತ್ತಿರ ಹೋಗಿ ಬಾಯಿ ತೆರೆದಳು.

“ನೀನು ಮಾತಾಡ್ಬೇಡ ಅಕ್ಕ” ಎಂದಳು ತಂಗಿ, ತಿರುಗಿಯೂ ನೋಡದೆ. “ನಾನು ಮಾತಾಡ್ತಿದೀನಿ.”

ಟೇಕಮ್ಮ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಸಂಜೆಯವರೆಗೂ ಕೂತು, ಒಂದು ಮಾತೂ ಆಡದೆ ಎದ್ದು ಬಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಸತ್ತ. ತಂಗಿ ಎಲ್ಲ ಮುಗಿಸಿ, ಮನೆಯ ಬೀಗದ ಕೈಯನ್ನು ಅವನ ಅಣ್ಣನಿಗೆ ಕೊಟ್ಟು ವಾಪಸಾದಳು. ತೀರಾ ಇಳಿದುಹೋಗಿದ್ದಳು. ಸ್ನಾನ ಮಾಡಿ ಬಂದು, ತಲೆ ಒರೆಸಿಕೊಳ್ಳುತ್ತಾ ತಂಗಿಯೇ ಹೇಳಿದಳು.

“ಎಲ್ಲಾ ಹೇಳ್ದೆ. ಒಂದೂ ಬಿಡ್ಲಿಲ್ಲ. ಹೇಳಿದ್ದನ್ನೇ ಎರಡೆರಡು ಸಲ ಹೇಳ್ದೆ.”

“ಹೂಂ.”

“ಹಗುರ ಆಗುತ್ತೆ ಅಂದ್ಕೊಂಡಿದ್ದೆ. ಆಗ್ಲಿಲ್ಲ.”

ಟೇಕಮ್ಮ ಅವಳ ಕೈಯಿಂದ ಟವೆಲ್ ತೆಗೆದುಕೊಂಡು, ಹಿಂದೆ ನಿಂತು, ಕೂದಲನ್ನು ಒರೆಸತೊಡಗಿದಳು. ಎಡಗಿವಿಯ ಹತ್ತಿರ ಬಂದಾಗ ಕೈ ಮೆಲ್ಲಗಾಯಿತು. ತಂಗಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು.